ಹಿಡಿದು ಬಿಟ್ಟ ಮೀನಿಗೂ ಒಂದು ಲೆಕ್ಕ ಇರಲಿ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಕಳೆದ ತಿಂಗಳು ನಮ್ಮ ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ಅಮೆರಿಕದ ಒಂದು ಬೆಟ್ಟಸಾಲು. ಬೆನ್ನಿಗೆ ದೊಡ್ಡ ಚೀಲ ಹೊತ್ತ ಒಬ್ಬ ಮನುಷ್ಯ ದಿನವಿಡೀ ನಡೆದು ಒಂದು ಕೆರೆಯ ದಂಡೆಯಲ್ಲಿ ಗುಡಾರ ಹಾಕುತ್ತಾನೆ. ಸಂಜೆ ತೆಳ್ಳಗಿನ ಉದ್ದದ ಗಾಳದ ಕೋಲು ಬೀಸಿ ಒಂದು ಟ್ರೌಟ್ ಮೀನು ಹಿಡಿಯುತ್ತಾನೆ. ಅದನ್ನು ನೋಡಿ ನಗುತ್ತಾನೆ, ತಿರುಗಿ ನೀರಿಗೆ ಬಿಡುತ್ತಾನೆ. ಆಮೇಲೆ ಪ್ಯಾಕೆಟ್ ನೂಡಲ್ಸ್ ಬೇಯಿಸಿ ತಿಂದು ಮಲಗುತ್ತಾನೆ.

ಗುಂಪಿನಲ್ಲಿ ಎರಡು ಪಕ್ಷವಾಯಿತು. "ಇಷ್ಟು ದೂರ ನಡೆದು ಹಿಡಿದ ಮೀನು ಬಿಟ್ಟು ನೂಡಲ್ಸ್ ತಿನ್ನೋದಾ? ದುಡ್ಡು ಹೆಚ್ಚಾದವರ ಹುಚ್ಚು" ಎಂದರು ಕೆಲವರು. "ಇಲ್ಲ, ಇವನೇ ನಿಜವಾದ ಪ್ರಕೃತಿ ಪ್ರೇಮಿ" ಎಂದರು ಉಳಿದವರು. ಎರಡು ದಿನ ಚರ್ಚೆ ನಡೆದು ಪರೀಕ್ಷೆಯ ವೇಳಾಪಟ್ಟಿ ಬಂದ ಕೂಡಲೇ ನಿಂತುಹೋಯಿತು. ನನಗೆ ಮಾತ್ರ ಆ ಪ್ರಶ್ನೆ ಬಿಡಲಿಲ್ಲ. ಓದಿ ನೋಡಿದ ಮೇಲೆ ಅನಿಸಿದ್ದು ಇಷ್ಟು: ಮೀನನ್ನು ಬಿಟ್ಟವನು ಒಳ್ಳೆಯವನು, ತಿಂದವನು ಕೆಟ್ಟವನು ಎಂದು ಸುಮ್ಮನೆ ಹೇಳಲಾಗದು. ಆ ಮೀನು ಆ ನೀರಿಗೆ ಎಲ್ಲಿಂದ ಬಂತು, ಅದರ ಲೆಕ್ಕ ಯಾರು ಬರೆಯುತ್ತಿದ್ದಾರೆ ಎಂಬ ಎರಡು ಪ್ರಶ್ನೆ ಕೇಳದೆ ತೀರ್ಪು ಕೊಡುವುದು ಆರಂಭಿಕ ಸರಕನ್ನು ನೋಡದೆ ಲಾಭ ಬರೆದ ಹಾಗೆ.

ಮೊದಲು ಈ ಹವ್ಯಾಸ ಏನು ಎಂದು ಹೇಳಿಬಿಡುತ್ತೇನೆ. ಇದಕ್ಕೆ ಫ್ಲೈ ಫಿಷಿಂಗ್ ಎನ್ನುತ್ತಾರೆ. ನಮ್ಮ ಕಡೆ ಗಾಳಕ್ಕೆ ಎರೆಹುಳು ಅಥವಾ ರಾಗಿ ಮುದ್ದೆಯ ಉಂಡೆ ಸಿಕ್ಕಿಸುತ್ತಾರೆ. ಇವರು ನೂಲು ಮತ್ತು ಹಕ್ಕಿಯ ಪುಕ್ಕದಿಂದ ಕಟ್ಟಿದ ಹುಸಿ ಹುಳು ಸಿಕ್ಕಿಸುತ್ತಾರೆ. ಅದಕ್ಕೆ ತೂಕವೇ ಇಲ್ಲ, ಕಲ್ಲಿನಂತೆ ಎಸೆಯಲು ಬರುವುದಿಲ್ಲ. ಅದಕ್ಕಾಗಿ ದಾರವನ್ನೇ ಭಾರವಾಗಿ ಮಾಡಿರುತ್ತಾರೆ. ಕೋಲನ್ನು ಹಿಂದೆ ಮುಂದೆ ಬೀಸಿದಾಗ ದಾರ ಗಾಳಿಯಲ್ಲಿ ಬಿಚ್ಚಿಕೊಂಡು ಹುಸಿ ಹುಳುವನ್ನು ನೀರಿನ ಮೇಲೆ ಹಗುರವಾಗಿ ಇಳಿಸುತ್ತದೆ. ಮೀನು ನಿಜವಾದ ಹುಳು ಎಂದುಕೊಂಡು ಮೇಲೆ ಬರಬೇಕು.

ರಾತ್ರಿ ಅಲ್ಲೇ ತಂಗುವುದಕ್ಕೂ ಕಾರಣವಿದೆ. ನೀರಿನಲ್ಲಿ ಬೆಳೆದ ಹುಳುಗಳು ರೆಕ್ಕೆ ಮೂಡಿ ಮೇಲೇಳುವುದು ಬೇಸಿಗೆಯಲ್ಲಿ ಹೆಚ್ಚಾಗಿ ಸಂಜೆ ಮತ್ತು ಬೆಳಗಿನ ಹೊತ್ತು. ಮೀನು ಮೇಲೆ ಬಂದು ತಿನ್ನುವುದೂ ಆಗಲೇ. ಬೆಳಿಗ್ಗೆ ಹೊರಟು ಮಧ್ಯಾಹ್ನ ತಲುಪಿ ಸಂಜೆಗೆ ಮರಳುವವನಿಗೆ ಆ ಎರಡು ಹೊತ್ತೂ ಸಿಗುವುದಿಲ್ಲ. ಇನ್ನು ಅಷ್ಟು ದೂರ ನಡೆಯುವುದು ಯಾಕೆ? ರಸ್ತೆ ಪಕ್ಕದ ನೀರಿನಲ್ಲಿ ಹಿಡಿಯುವವರು ಹೆಚ್ಚು. ಹಲವು ಕಡೆ ಅಲ್ಲಿಗೆ ಸರಕಾರವೇ ಸಾಕಿದ ಮೀನು ತಂದು ಬಿಡುತ್ತದೆ. ಮೇಲಿನ ತೊರೆಗಳಲ್ಲಿ ತಾನಾಗಿ ಮೊಟ್ಟೆಯಿಟ್ಟು ಬೆಳೆಯುವ ಮೀನಿದೆ. ಅದಕ್ಕೆ ಅವರು "ಕಾಡು ಟ್ರೌಟ್" ಎನ್ನುತ್ತಾರೆ.

ನಮ್ಮ ನಾನಿಗೆ ವಿಡಿಯೊ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿ ಒಂದೇ ಮಾತು ಕೇಳಿದರು: "ಖಾನಾ ನೈ ತೋ ಪಕಡ್ನಾ ಕೈಕು?" ತಿನ್ನುವುದಿಲ್ಲವಾದರೆ ಹಿಡಿಯುವುದು ಯಾಕೆ ಎಂದು. ನಮ್ಮ ಮನೆಯಲ್ಲಿ ಮೀನು ಅಂದರೆ ಊಟ. ಅದಕ್ಕೆ ಜಬಹ್ ಕೂಡ ಬೇಕಿಲ್ಲ, ತಂದು ತೊಳೆದು ಮಸಾಲೆ ಹಚ್ಚಿದರೆ ಆಯಿತು. ಆದರೆ ಹೊಟ್ಟೆಗಾಗಿ ಹಿಡಿಯುವುದು ಬೇರೆ, ಜೀವ ಇರುವುದರ ಜೊತೆ ಆಟ ಆಡುವುದು ಬೇರೆ ಎಂಬುದು ನಾನಿಯ ನ್ಯಾಯ. ಇದನ್ನು ಹಳೆ ಕಾಲದವರ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ತಲೆ ಮತ್ತು ಬಾಯಿಯ ಭಾಗದಲ್ಲಿ ಗಾಯವನ್ನು ಗ್ರಹಿಸುವ ನರತುದಿಗಳಿವೆ ಎಂದು ತೋರಿಸಿದರು. ಗಾಳ ಚುಚ್ಚುವುದೂ ಅಲ್ಲೇ.

ಬಿಟ್ಟ ಮೀನೆಲ್ಲ ಬದುಕುತ್ತದೆ ಎಂದೂ ಅಲ್ಲ. ಒಣಗಿದ ಕೈಯಲ್ಲಿ ಹಿಡಿದರೆ ಅದರ ಮೈಮೇಲಿನ ಲೋಳೆ ಕಿತ್ತು ರೋಗ ತಗುಲಬಹುದು. ಫೋಟೊಗಾಗಿ ನೀರಿನಿಂದ ಮೇಲೆತ್ತಿ ಇಟ್ಟುಕೊಂಡಷ್ಟು ಹೊತ್ತು ಅದಕ್ಕೆ ಉಸಿರಿಲ್ಲ. ನೀರು ಬಿಸಿಯಾದಾಗ ಅದರಲ್ಲಿ ಆಮ್ಲಜನಕ ಕಡಿಮೆ, ಎಳೆದಾಡಿ ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಅದಕ್ಕೇ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ನದಿಯ ನೀರು ಸತತ ಮೂರು ದಿನ ಸುಮಾರು 23 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಧ್ಯಾಹ್ನ 2 ಗಂಟೆಯ ನಂತರ ಗಾಳ ಹಾಕುವುದನ್ನು ನಿಲ್ಲಿಸುವ ಕ್ರಮವಿದೆ. ಒಳ್ಳೆಯ ಗಾಳದವರು ಕೊಕ್ಕೆಯ ಹಿಂಮುಳ್ಳನ್ನು ಮೊದಲೇ ಚಪ್ಪಟೆ ಮಾಡುತ್ತಾರೆ, ಕೈ ಒದ್ದೆ ಮಾಡಿಕೊಂಡು ಮೀನನ್ನು ನೀರಿನಲ್ಲೇ ಬಿಡಿಸುತ್ತಾರೆ. ಇಷ್ಟು ಎಚ್ಚರ ವಹಿಸಿದರೂ ಕೆಲವು ಸಾಯುತ್ತವೆ. ಹಾಗಾಗಿ ಬಿಟ್ಟ ಮೀನಿಗೆ ಖರ್ಚೇ ಇಲ್ಲ ಎಂದು ಬರೆಯಲು ಬರುವುದಿಲ್ಲ. ಯಂತ್ರ ಹಾಗೆಯೇ ನಿಂತಿದ್ದರೂ ನಾವು ಪ್ರತಿ ವರ್ಷ ಸವಕಳಿ ಬರೆಯುವುದಿಲ್ಲವೇ?

ಈಗ "ಕಾಡು" ಎಂಬ ಪದಕ್ಕೆ ಬರೋಣ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಗಳ ಎತ್ತರದ ಕೆರೆಗಳು ಇಂಥ ನಡಿಗೆಗೆ ಹೆಸರಾದವು. ಆದರೆ ಆ ಕೆರೆಗಳಲ್ಲಿ ಹೆಚ್ಚಿನವುಗಳಲ್ಲಿ ಮೊದಲು ಮೀನೇ ಇರಲಿಲ್ಲ. ಕೆಳಗಿನ ಜಲಪಾತಗಳನ್ನು ದಾಟಿ ಮೀನು ಮೇಲೆ ಹತ್ತಲಾರದು. ಸುಮಾರು 19ನೇ ಶತಮಾನದ ನಡುವಿನಿಂದ ಜನರು ಹೇಸರಗತ್ತೆಗಳ ಮೇಲೆ ಡಬ್ಬಗಳಲ್ಲಿ ಮೀನು ಹೊತ್ತು ಅಲ್ಲಿ ಬಿಟ್ಟರು. 20ನೇ ಶತಮಾನದಲ್ಲಿ ವಿಮಾನದಿಂದಲೇ ಮರಿಗಳನ್ನು ಸುರಿದರು. ಆ ಕೆರೆಗಳಲ್ಲಿ ಹಳದಿ ಕಾಲಿನ ಒಂದು ಕಪ್ಪೆ ತುಂಬಿತ್ತು. ಅದರ ಗೊದಮೊಟ್ಟೆ ಕಪ್ಪೆಯಾಗಲು ಎರಡು ಮೂರು ವರ್ಷ ಬೇಕು. ಆದ್ದರಿಂದ ಚಳಿಗಾಲದಲ್ಲಿ ತಳದವರೆಗೆ ಹೆಪ್ಪುಗಟ್ಟದ ಆಳದ ಕೆರೆಯೇ ಅದಕ್ಕೆ ಆಗಬೇಕು. ಟ್ರೌಟಿಗೂ ಅದೇ ಕೆರೆ ಬೇಕು, ಅದು ಗೊದಮೊಟ್ಟೆಗಳನ್ನು ತಿಂದುಹಾಕಿತು. ಮುಂದೆ ಒಂದು ಶಿಲೀಂಧ್ರ ರೋಗವೂ ಸೇರಿ ಕಪ್ಪೆ ಬಹುತೇಕ ಕಡೆ ಇಲ್ಲವಾಯಿತು. ಕೆಲವು ಕೆರೆಗಳಿಂದ ವಿಜ್ಞಾನಿಗಳು ಬಲೆ ಹಾಕಿ ಟ್ರೌಟ್ ತೆಗೆದಾಗ ಕೆಲವೇ ವರ್ಷಗಳಲ್ಲಿ ಕಪ್ಪೆಗಳು ಮತ್ತೆ ಹೆಚ್ಚಿದವು. ಆ ಬೆಟ್ಟಗಳ ರಾಷ್ಟ್ರೀಯ ಉದ್ಯಾನಗಳಲ್ಲಿ ಈಗ ಆಯ್ದ ಕೆರೆಗಳಿಂದ ಟ್ರೌಟ್ ತೆಗೆಯುವುದೇ ಒಂದು ಕೆಲಸ. ಅಂಥ ಕೆರೆಯಲ್ಲಿ ಟ್ರೌಟ್ ಹಿಡಿದು ಪ್ರೀತಿಯಿಂದ ನೀರಿಗೆ ಬಿಡುವವನು ಯಾರ ಮೇಲೆ ದಯೆ ತೋರಿಸಿದ ಹಾಗಾಯಿತು?

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ನಿಯಮ ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. ಅಲ್ಲಿನ ದೊಡ್ಡ ಸರೋವರದ ಸ್ವಂತ ಮೀನು ಕಟ್‌ಥ್ರೋಟ್ ಟ್ರೌಟ್. 1994ರಲ್ಲಿ ಅಲ್ಲಿ ಹೊರಗಿನ ಲೇಕ್ ಟ್ರೌಟ್ ಎಂಬ ಮೀನು ಪತ್ತೆಯಾಯಿತು. ಅದು ಕಟ್‌ಥ್ರೋಟನ್ನು ತಿನ್ನುತ್ತದೆ. ಕಟ್‌ಥ್ರೋಟ್ ಮೊಟ್ಟೆಯಿಡಲು ಸಣ್ಣ ತೊರೆಗಳಿಗೆ ಬರುವುದರಿಂದ ಕರಡಿಗೂ ಹಕ್ಕಿಗೂ ಆಹಾರವಾಗುತ್ತಿತ್ತು. ಲೇಕ್ ಟ್ರೌಟ್ ಆಳದಲ್ಲೇ ಇರುವುದರಿಂದ ಅವುಗಳಿಗೆ ಸಿಗುವುದಿಲ್ಲ. ಹಾಗಾಗಿ ಅಲ್ಲಿ ಕಟ್‌ಥ್ರೋಟ್ ಸಿಕ್ಕಿದರೆ ಬಿಡಲೇಬೇಕು, ಆ ಸರೋವರದಲ್ಲಿ ಲೇಕ್ ಟ್ರೌಟ್ ಸಿಕ್ಕಿದರೆ ಜೀವಂತ ಬಿಡುವ ಹಾಗಿಲ್ಲ. ಒಂದೇ ನೀರು, ಒಂದೇ ಗಾಳ, ಎರಡು ಧರ್ಮ.

ನಮ್ಮ ದೇಶದಲ್ಲಿ ಇದೇ ಹವ್ಯಾಸಕ್ಕೆ ಹೆಸರಾದದ್ದು ಕಾಶ್ಮೀರ. ಸೋನಮಾರ್ಗ್‌ನಿಂದ ಹೊರಟು ವಿಶನ್‌ಸರ್, ಗಡ್‌ಸರ್ ಮೊದಲಾದ ಸರೋವರಗಳನ್ನು ದಾಟುವ ಹಲವು ದಿನಗಳ ಚಾರಣದಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದು ಟ್ರೌಟ್ ಹಿಡಿಯುವವರಿದ್ದಾರೆ. ಆ ಬ್ರೌನ್ ಟ್ರೌಟ್ ಕೂಡ ಅಲ್ಲಿಯದಲ್ಲ. 1899ರಲ್ಲಿ ಇಂಗ್ಲೆಂಡಿನಿಂದ ಹೊರಟ ಮೊಟ್ಟೆಗಳು ದಾರಿಯಲ್ಲೇ ಕೆಟ್ಟವು. 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದವು ಬದುಕಿದವು. ಅವುಗಳನ್ನು ಬೆಳೆಸಲು ಮುಂದೆ ನಿಂತ ಫ್ರಾಂಕ್ ಮಿಚೆಲ್ ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ಇಟ್ಟುಕೊಂಡಿದ್ದವರು. ಒಬ್ಬ ವ್ಯಾಪಾರಿಯ ಹವ್ಯಾಸ ಒಂದು ಕಣಿವೆಯ ನೀರಿನ ಚರಿತ್ರೆಯನ್ನೇ ಬದಲಿಸಿತು. ನಮ್ಮ ಪಕ್ಕದ ನೀಲಗಿರಿಯ ತೊರೆಗಳಿಗೂ ಟ್ರೌಟ್ ಬಂದದ್ದು ಬ್ರಿಟಿಷರ ಕಾಲದಲ್ಲೇ. ಅಂಥ ಕಡೆ ಪರವಾನಗಿಯ ಮಿತಿಯೊಳಗೆ ಒಂದೆರಡು ಮೀನು ಹಿಡಿದು ಅಲ್ಲೇ ಸುಟ್ಟು ತಿಂದರೆ ಅದು ನೂಡಲ್ಸಿಗಿಂತ ಪ್ರಾಮಾಣಿಕ ಊಟ. ಅಲ್ಲಿ ನಾನಿಯ ಮಾತೇ ಸರಿ.

ಹಾಗಾದರೆ ಗಾಳದವರಿಂದ ಲಾಭವೇ ಇಲ್ಲವೇ? ಇದೆ. ಅದನ್ನೂ ಜಮಾ ಬದಿಯಲ್ಲಿ ಬರೆಯಬೇಕು. ಅಮೆರಿಕದಲ್ಲಿ 1950ರ ಡಿಂಗೆಲ್-ಜಾನ್ಸನ್ ಕಾಯ್ದೆಯ ಪ್ರಕಾರ ಗಾಳದ ಸಾಮಾನಿನ ಮೇಲೆ ವಿಶೇಷ ತೆರಿಗೆ ಇದೆ. ಆ ಹಣ ಸಾಮಾನ್ಯ ಖಜಾನೆಯಲ್ಲಿ ಕಳೆದುಹೋಗದೆ ರಾಜ್ಯಗಳ ಮೀನು ಸಂರಕ್ಷಣೆಗೇ ಹೋಗುತ್ತದೆ. ಬಳಸುವವನೇ ಕಾಪಾಡುವ ಖರ್ಚನ್ನೂ ಕೊಡುತ್ತಾನೆ. ಆದರೆ ದುಡ್ಡಿಗಿಂತ ದೊಡ್ಡ ಲಾಭ ಇನ್ನೊಂದಿದೆ. ಅದಕ್ಕೆ ನಮ್ಮ ಕಾವೇರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾವೇರಿಯ ನೀರು ಟ್ರೌಟಿಗೆ ಬೆಚ್ಚಗಾಯಿತು. ಇಲ್ಲಿನ ಗಾಳದವರ ಮೀನು ಮಹಶೀರ್. ನದಿ ದಂಡೆಯವರು ಬಿಳಿ ಮೀನು ಎನ್ನುತ್ತಾರೆ. ಬೆನ್ನು ಉಬ್ಬಿದ, ಬಂಗಾರದ ಬಣ್ಣದ ದೊಡ್ಡ ಮಹಶೀರ್ ಇರುವುದು ಕಾವೇರಿ ಕೊಳ್ಳದಲ್ಲಿ ಮಾತ್ರ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ.ಯ ಮಹಶೀರ್ ಹಿಡಿದದ್ದು ಇಂದಿಗೂ ದಾಖಲೆ. ಪ್ರಾಣಿಗಳ ಚರ್ಮಕ್ಕೆ ಹೂರಣ ತುಂಬಿ ಗೊಂಬೆ ಮಾಡುವ ಕಸುಬಿನಿಂದ ಹೆಸರಾದ ಮನೆತನ ಅದು. ನನ್ನ ತೂಕಕ್ಕಿಂತ ಆ ಮೀನಿನ ತೂಕ ಹೆಚ್ಚು!

ಸಂಗಮದಿಂದ ಮೇಲೆ ಕಾಡಿನ ನಡುವೆ ಭೀಮೇಶ್ವರಿ, ಗಾಳಿಬೋರೆ ಮುಂತಾದ ಕಡೆ ಗಾಳ ಶಿಬಿರಗಳಿದ್ದವು. ದೇಶ ವಿದೇಶದವರು ಬಂದು ಹಣ ಕೊಟ್ಟು ಮಹಶೀರ್ ಹಿಡಿದು ಬಿಡುತ್ತಿದ್ದರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಅಲ್ಲಿಯೇ ಮಾರ್ಗದರ್ಶಕರೂ ಕಾವಲಿನವರೂ ಆದರು. ಇದಕ್ಕಿಂತ ಮುಖ್ಯವಾಗಿ ಗಾಳಿಬೋರೆಯಲ್ಲಿ ಪುಸ್ತಕ ಬರೆಯುತ್ತಿದ್ದರು: ಯಾರು ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು, ಎಷ್ಟು ತೂಕ, ಯಾವ ಬಣ್ಣ. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ವಿಜ್ಞಾನಿಗಳು ಕೂಡಿಸಿ ನೋಡಿ 2015ರಲ್ಲಿ ಪ್ರಕಟಿಸಿದರು. 23 ಸಾವಿರಕ್ಕೂ ಹೆಚ್ಚು ಗಂಟೆ, 6 ಸಾವಿರಕ್ಕೂ ಹೆಚ್ಚು ಮೀನು.

ಆ ಲೆಕ್ಕ ಏನು ಹೇಳಿತು? ಒಟ್ಟು ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಿತ್ತು. ಒಟ್ಟು ಮೊತ್ತ ಮಾತ್ರ ನೋಡಿದವರು ಸಂತೋಷಪಡಬಹುದಿತ್ತು. ಆದರೆ ಬಾಬತ್ತು ಬಾಬತ್ತಾಗಿ ನೋಡಿದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಅದನ್ನು ಮಹಾರಾಷ್ಟ್ರದ ಲೋನಾವಳದಲ್ಲಿ ಸಾಕಿ ದಕ್ಷಿಣದ ನದಿಗಳಿಗೆ ತಂದು ಬಿಟ್ಟಿದ್ದರು, ಅದೂ ಮಹಶೀರ್ ಉಳಿಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ. ಕಾವೇರಿಯ ಸ್ವಂತದ, ಬೆನ್ನು ಉಬ್ಬಿದ ಬಂಗಾರದ ಮೀನು ಕಡಿಮೆಯಾಗುತ್ತಾ ಹೋಗಿತ್ತು. 2018ರಲ್ಲಿ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು. ಜಗತ್ತಿನ ದೊಡ್ಡ ಸಿಹಿನೀರಿನ ಮೀನುಗಳಲ್ಲಿ ಒಂದು ನಮ್ಮ ನಲ್ಲಿಗೆ ನೀರು ಕೊಡುವ ನದಿಯಲ್ಲೇ ಮುಗಿಯುತ್ತಿದೆ ಎಂದು ತಿಳಿದದ್ದು ಹವ್ಯಾಸಿಗಳು ಬರೆದಿಟ್ಟ ರೋಜುಕೀರ್ದಿಯಿಂದ.

2012ರ ಹೊತ್ತಿಗೆ ಅಭಯಾರಣ್ಯದೊಳಗಿನ ಗಾಳ ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಕಾಯ್ದೆಯ ದೃಷ್ಟಿಯಿಂದ ಅದು ಸರಿ. ಹುಲಿಗೆ ಒಂದು ನಿಯಮ, ಮೀನಿಗೆ ಒಂದು ನಿಯಮ ಯಾಕೆ ಎಂದು ಕೇಳಿದರೆ ನನ್ನಲ್ಲೂ ಉತ್ತರವಿಲ್ಲ. ಆದರೆ ಗಾಳ ನಿಂತಾಗ ಪುಸ್ತಕವೂ ನಿಂತಿತು. ಸಿಡಿಮದ್ದು ಎಸೆದು ಮೀನು ಹಿಡಿಯುವವನಿಗೆ ಯಾವ ಪರವಾನಗಿಯೂ ಬೇಕಿಲ್ಲ, ಯಾವ ಪುಸ್ತಕವೂ ಇಲ್ಲ. ಕೊಳ್ಳೇಗಾಲದ ಕಡೆ ಇರುವ ನಮ್ಮ ಮಾಮು ಹೇಳುವ ಪ್ರಕಾರ ಬೇಸಿಗೆಯಲ್ಲಿ ನೀರು ಇಳಿದಾಗ ಮಡುಗಳ ಕಡೆಯಿಂದ ಆ ಸದ್ದು ಕೇಳಿದವರಿದ್ದಾರೆ. ಒಂದು ಸಿಡಿಮದ್ದಿಗೆ ದೊಡ್ಡ ಮೀನು, ಮರಿ, ಮೊಟ್ಟೆ ಎಲ್ಲ ಒಟ್ಟಿಗೆ ಹೋಗುತ್ತವೆ.

ಹಾಗೆಂದು ಶಿಬಿರಗಳನ್ನು ಮೊದಲಿನ ಹಾಗೆ ತೆರೆಯಿರಿ ಎಂದು ನಾನು ಹೇಳುತ್ತಿಲ್ಲ. ಕೆಲವೇ ಮೀನು ಉಳಿದಿರುವಾಗ ಅವುಗಳ ಬಾಯಿಗೆ ಕೊಕ್ಕೆ ಹಾಕಿ ಫೋಟೊ ತೆಗೆಸಿಕೊಳ್ಳುವುದು ಯಾವ ದೇಶದವರಿಗೂ ಶೋಭೆಯಲ್ಲ. ನಾನು ಹೇಳುವುದು ಮೂರು ಮಾತು. ಹೊರಗಿನಿಂದ ತಂದುಬಿಟ್ಟ ಮೀನಾದರೆ, ಮಿತಿಯೊಳಗೆ ಹಿಡಿಯಲಿ, ತಿನ್ನಲಿ, ಮತ್ತೆ ಬಿಡುವ ನಾಟಕ ಬೇಡ. ಆ ನೀರಿನ ಸ್ವಂತ ಮೀನಾಗಿದ್ದು ಸಾಕಷ್ಟು ಇದ್ದರೆ, ಕಡಿಮೆ ಹಿಡಿಯಲಿ, ಒದ್ದೆ ಕೈಯಿಂದ ಬಿಡಲಿ, ಬಿಸಿಲಿನ ದಿನಗಳಲ್ಲಿ ಕೋಲು ಮಡಚಿಡಲಿ. ಸ್ವಂತ ಮೀನಾಗಿದ್ದು ಅಳಿವಿನಂಚಿನಲ್ಲಿದ್ದರೆ, ಮೋಜಿಗೆ ಮುಟ್ಟುವುದೇ ಬೇಡ. ಎಣಿಕೆಗೆ ಮಾತ್ರ, ಸರಕಾರದ ಅನುಮತಿಯಿಂದ, ವಿಜ್ಞಾನಿಗಳ ಎದುರಿನಲ್ಲಿ, ನದಿ ಬಲ್ಲ ಊರಿನವರ ಕೈಯಿಂದಲೇ ಗಾಳ ಹಾಕಿಸಲಿ. ಅವರಿಗೆ ಕೂಲಿ ಕೊಡಲಿ, ಆ ಲೆಕ್ಕವನ್ನು ಪ್ರತಿ ವರ್ಷ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ.

"ಎಣಿಕೆ ಎಂದು ಹೇಳಿ ಮೋಜು ಮಾಡುತ್ತಾರೆ" ಎಂದು ನನ್ನ ಬೆಂಚಿನ ಗೆಳತಿ ಹೇಳಿದಳು. ಅದು ಆಗಬಹುದಾದದ್ದೇ. ಕಂಪನಿಯ ಲೆಕ್ಕದಲ್ಲೂ ಮೋಸ ಆಗುತ್ತದೆ. ಅದಕ್ಕಾಗಿ ಲೆಕ್ಕ ಬರೆಯುವುದನ್ನು ನಿಲ್ಲಿಸುವುದಿಲ್ಲ, ಆಡಿಟ್ ಇಡುತ್ತೇವೆ.

ಇದೆಲ್ಲ ದೂರದ ಮಾತು, ಪಿಯು ಮಕ್ಕಳಿಗೇನು ಎಂದು ಕೇಳುವವರಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ಹೋದ ಭಾನುವಾರ ಅಬ್ಬಾ ಜೊತೆ ನಮ್ಮ ಮೊಹಲ್ಲಾದ ಮೀನಂಗಡಿಗೆ ನೋಟ್‌ಬುಕ್ ಹಿಡಿದು ಹೋಗಿದ್ದೆ. "ಹೊಳೆ ಮೀನು" ಎಂದು ಕೂಗಿ ಮಾರುತ್ತಿದ್ದ ತಟ್ಟೆಯಲ್ಲಿ ಕಾಟ್ಲಾ, ರೋಹು, ಜಿಲೇಬಿ ಇದ್ದವು. ಕಾಟ್ಲಾ, ರೋಹು ಗಂಗೆಯ ಕಡೆಯಿಂದ ತಂದು ಸಾಕಿದ ಮೀನುಗಳು, ಜಿಲೇಬಿ ಆಫ್ರಿಕಾ ಮೂಲದ್ದು. ಕಾವೇರಿಯದ್ದೇ ಎನ್ನಬಹುದಾದ ಬಾಳೆ ಮೀನು ಎರಡೇ ಇದ್ದವು. ಅಂಗಡಿಯ ಚಾಚಾ ನನ್ನ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಕೊಟ್ಟರು. ತಾವು ಹುಡುಗರಾಗಿದ್ದಾಗ ಬರುತ್ತಿದ್ದ, ಈಗ ಬಾರದ ಮೀನುಗಳ ಹೆಸರನ್ನೂ ಬರೆಸಿದರು.

ನಮ್ಮ ವಾಣಿಜ್ಯ ವಿಭಾಗದ ಪ್ರಾಜೆಕ್ಟಿಗೆ ಪ್ರತಿ ವರ್ಷ ಅದೇ ಬ್ಯಾಂಕ್ ಸ್ಲಿಪ್, ಅದೇ ಜಾಹೀರಾತಿನ ಕತ್ತರಿಸಿದ ಚಿತ್ರ ಅಂಟಿಸುತ್ತೇವೆ. ಈ ಸಲ ಶ್ರೀರಂಗಪಟ್ಟಣ, ತಿ. ನರಸೀಪುರ, ಕೊಳ್ಳೇಗಾಲದ ಕಡೆ ನೆಂಟರಿರುವ ಹತ್ತು ಜನ ಸಿಕ್ಕರೆ ಹತ್ತು ಮೀನಂಗಡಿಗಳ ಒಂದು ವರ್ಷದ ಪುಸ್ತಕ ಬರೆಯಬಹುದು: ಮೀನಿನ ಹೆಸರು, ತೂಕ, ದರ, ಎಲ್ಲಿಂದ ಬಂತು. ಗಾಳ ಬೇಡ, ಗುಡಾರ ಬೇಡ, ಬೆಟ್ಟ ಹತ್ತುವುದೂ ಬೇಡ. ಅಕೌಂಟೆನ್ಸಿ ಸರ್ ಒಪ್ಪಿದ್ದಾರೆ, ತಿಂಗಳಿಗೊಮ್ಮೆ ತಾವೇ ಪುಸ್ತಕ ತಪಾಸಣೆ ಮಾಡುವುದಾಗಿ ಹೇಳಿದ್ದಾರೆ. ಸೇರುವವರು ಸ್ಟಾಫ್ ರೂಮಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಹಾಕಿರುವ ಹಾಳೆಯಲ್ಲಿ ಈ ಗುರುವಾರದೊಳಗೆ ಹೆಸರು ಮತ್ತು ಸೆಕ್ಷನ್ ಬರೆಯಿರಿ.